ಕೆಂಗುಡ್ಡ ಬಾನುಲಿಗೆ ಬಹುದೂರದಿಂದ ಒಂದು ಅಭಿಪ್ರಾಯ

ಕಿಲ್ಲಾ ಓಣಿ, ಎರಡನೆಯ ಕೆಂಗುಡ್ಡ
ಇಸವಿ 2391, ಹದಿನಾಲ್ಕನೆಯ ತಿಂಗಳ ನಲವತ್ತೊಂದನೆಯ ತಾರೀಕು

ಕೆಂಗುಡ್ಡ ಬಾನುಲಿಯ ಹಿರಿಯರಿಗೆ, ಮುಖ್ಯವಾಗಿ ಮಧ್ಯಾಹ್ನದ ಕಾರ್ಯಕ್ರಮದ ವಿಶಾಲಾಕ್ಷಿ ಅಕ್ಕನವರಿಗೆ, ಅಂಬವ್ವನ ಶರಣು.

ತಾರೀಕು ನೋಡಿ ನಗಬೇಡಿ. ನಮ್ಮ ನೆಲ ತನ್ನ ಸೂರ್ಯನನ್ನು ಸುತ್ತುವುದು ಬಲು ನಿಧಾನ. ಅದಕ್ಕೇ ನಮಗೆ ತಿಂಗಳುಗಳೂ ಹೆಚ್ಚು, ತಿಂಗಳಿಗೆ ದಿನಗಳೂ ಹೆಚ್ಚು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಆದರೆ ಆ ತಪ್ಪಿನಲ್ಲಿ ನಿಮಗೂ ಪಾಲಿದೆ, ಯಾಕೆಂದರೆ ನಾವು ಕನ್ನಡವನ್ನು ಎರಡನೆಯ ಸಲ ಕಲಿತದ್ದು ನಿಮ್ಮಿಂದಲೇ.

ಹೇಗೆಂದು ಹೇಳುತ್ತೇನೆ. ನಮ್ಮ ಹಿರಿಯರು ನಿಮ್ಮ ಸೀಮೆಯಿಂದ ಹೊರಟು ಅಡ್ಡಹಾದಿ ಹಿಡಿದು ಇಲ್ಲಿಗೆ ಬಂದರು. ಬೆಳಕಿಗೂ ನೂರಾರು ವರ್ಷ ಹಿಡಿಯುವ ದೂರವನ್ನು ಮಡಚಿ ದಾಟುವ ವಿದ್ಯೆಗೆ ನಾವು ಅಡ್ಡಹಾದಿ ಎನ್ನುತ್ತೇವೆ. ನಿಮ್ಮ ಬಾನುಲಿಯ ಅಲೆಗಳು, ಪಾಪ, ನೇರ ರಸ್ತೆಯಲ್ಲೇ ಬಂದವು. ಅವು ಬಂದು ಮುಟ್ಟುವಷ್ಟರಲ್ಲಿ ನಾವು ಮನೆ ಕಟ್ಟಿ, ಮಕ್ಕಳು ಮರಿಯಾಗಿ, ಮನೆಮಾತನ್ನು ಮುಕ್ಕಾಲು ಮರೆತಿದ್ದೆವು. ಊರಿನ ನೆತ್ತಿಯ ಮೇಲೆ ಬಾನ್ಬಲೆ ಎಂಬ ತಂತಿಬಲೆ ಹಾಸಿದ್ದೇವೆ, ಆಕಾಶದ ಕಲ್ಲುಗಳು ಬೀಳುವ ಮುನ್ನ ಸುಳಿವು ಕೊಡಲೆಂದು. ನನ್ನ ಮಗಳು ತೊಟ್ಟಿಲಲ್ಲಿದ್ದ ಕಾಲಕ್ಕೆ, ಒಂದು ಮಧ್ಯಾಹ್ನ, ಅದರಲ್ಲಿ ಕಲ್ಲಿನ ಬದಲು ಹೆಂಗಸಿನ ದನಿ ಸಿಕ್ಕಿತು. "ಹಲೋ, ಯಾರ್ರೀ ಮಾತಾಡೋದು? ಊಟ ಆತೇನ್ರಿ?" ಬಲೆ ಕಾಯುತ್ತಿದ್ದ ಗಂಡಸರು ಕೂತಲ್ಲೇ ಅತ್ತರಂತೆ. ನಾನಂತೂ ಅತ್ತೆ, ಅದರಲ್ಲಿ ನಾಚಿಕೆಯೇನಿಲ್ಲ.

ಅಂದಿನಿಂದ ನಿಮ್ಮ ಒಂದೊಂದು ದಿನವೂ ನೀವು ಬಿತ್ತರಿಸಿದ ಕ್ರಮದಲ್ಲೇ ನಮಗೆ ಬಂದು ಮುಟ್ಟುತ್ತಿದೆ. ನೀವು ಮಾತಿನ ನಡುವೆ ಚಹಾ ಗುಟುಕರಿಸುವುದು ಕೂಡ ಕೇಳಿಸುತ್ತದೆ ಅಕ್ಕಾ. ಆ ಚಹಾ ಕುಡಿದವರು ಮಣ್ಣಾಗಿ ಎಷ್ಟು ತಲೆಮಾರು ಕಳೆದವೋ! ಆದರೂ ಆ ಬಿಸಿ ಗುಟುಕು ಈಗಷ್ಟೇ ಗಂಟಲಿಗೆ ಇಳಿದಂತೆ ಕೇಳುತ್ತದೆ. ನಮ್ಮ ಇತಿಹಾಸದ ಪುಸ್ತಕಗಳಲ್ಲಿ ರಾಜರ ಕಥೆಗಳಿವೆ, ಯುದ್ಧಗಳಿವೆ, ನಿಮ್ಮ ಸ್ಟೇಷನ್ ಏನಾಯಿತು ಎಂದು ಒಂದು ಸಾಲೂ ಇಲ್ಲ. ಹಾಗಾಗಿ ನಿಮ್ಮ ನಾಳೆ ನಿಮಗೆಷ್ಟು ಗೊತ್ತೋ ನಮಗೂ ಅಷ್ಟೇ ಗೊತ್ತು.

ನಾವು ನಿಮ್ಮನ್ನು ಎಷ್ಟು ನಂಬಿದ್ದೇವೆಂದರೆ, ಹೇಳಲು ನಗು ಬರುತ್ತದೆ. ಓಣಿಗಳಿಗೆ ನಿಮ್ಮ ಓಣಿಗಳ ಹೆಸರನ್ನೇ ಇಟ್ಟೆವು. ನಮ್ಮದು ಗಾಜಿನ ಮಾಡಿನ ಊರು, ಮಳೆ ಎಂದರೇನೆಂದು ಕಂಡವರಿಲ್ಲ. ಆದರೂ ನೀವು "ಅಲ್ಲಲ್ಲಿ ಮಳೆ" ಎಂದ ದಿನ ಮುದುಕಿಯರು ಒಣಹಾಕಿದ ಬಟ್ಟೆಯನ್ನು ಒಳಗೆ ತರುತ್ತಾರೆ. "ದುರಸ್ತಿ ಕೆಲಸ ಇರೋದ್ರಿಂದ ನಾಳೆ ಕಿಲ್ಲಾ ಓಣಿ, ಕುಂಬಾರ ಓಣಿಗೆ ಕರೆಂಟ್ ಇರೂದಿಲ್ರಿ" ಎಂದು ನೀವು ಸಾರಿದರೆ ಮುಗಿಯಿತು, ಇಲ್ಲಿಯ ಕಿಲ್ಲಾ ಓಣಿಯವರೂ ಬೆಳಗಿನಿಂದ ದೀಪ ಆರಿಸಿ ಕೂಡುತ್ತೇವೆ. ನನ್ನ ಅಣ್ಣನ ಮಗ ತಿಪ್ಪೇಶ ಓದಿದವನು, ಬಾನ್ಬಲೆಯ ಎಂಜಿನಿಯರು. ಅದು ಬೇರೆ ಕರೆಂಟು ಎಂದು ತಲೆ ಚಚ್ಚಿಕೊಳ್ಳುತ್ತಾನೆ. "ಅಷ್ಟ್ ದೂರದಿಂದ ಹೇಳಿ ಕಳಿಸ್ಯಾರಲ್ಲೋ ತಮ್ಮಾ, ಆರಿಸಿದ್ರ ನಿನ್ನ ಗಂಟೇನ್ ಹೋಗತೈತಿ?" ಎಂದು ಹಿರಿಯರು ಅವನ ಬಾಯಿ ಮುಚ್ಚಿಸುತ್ತಾರೆ. ನಿಮಗೆ ದಿನಾ ಫೋನ್ ಮಾಡಿ ಜಗಳ ಕಾಯುವ ಮಿರ್ಚಿ ಭಜಿ ಅಂಗಡಿಯ ಹುಸೇನಸಾಬರು ಮಗಳ ಮದುವೆಗೆಂದು ಕೆಲವು ದಿನ ಮಾತಾಡಲಿಲ್ಲ ನೋಡಿ, ಆಗ ನಮ್ಮ ಊರಿಗೆ ಊರೇ ಕಂಗಾಲಾಗಿತ್ತು.

ಇನ್ನು ನನ್ನ ಸಂಕಟಕ್ಕೆ ಬರುತ್ತೇನೆ. ನನ್ನ ತಾಯಿ ಹೊನ್ನವ್ವ. ಬಾನ್ಬಲೆ ದುರಸ್ತಿಗೆಂದು ಮೇಲೇರಿದ ನಮ್ಮಪ್ಪ ಮತ್ತೆ ಇಳಿದು ಬರಲಿಲ್ಲ. ಆವತ್ತಿನಿಂದ ಅವ್ವ ಮಾತು ಬಿಟ್ಟಳು. ನನ್ನೊಂದಿಗೂ ಇಲ್ಲ, ಮೊಮ್ಮಗಳೊಂದಿಗೂ ಇಲ್ಲ. ವೈದ್ಯರು ಬಂದರು, ಮದ್ದು ಕೊಟ್ಟರು, ಸೋತು ಹೋದರು. ಆದರೆ ಮಧ್ಯಾಹ್ನ ನೀವು "ಊಟ ಆತೇನ್ರಿ?" ಎಂದು ಕೇಳಿದೊಡನೆ ಅವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂಡುತ್ತಾಳೆ. "ಆತ್ರೀ ಯವ್ವಾ. ನಿಮ್ದು?" ಎನ್ನುತ್ತಾಳೆ. ದಿನಕ್ಕೆಲ್ಲ ಅಷ್ಟೇ. ಅದನ್ನು ಕೇಳಲೆಂದು ನಾನು ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತೇನೆ. ಹೆತ್ತ ಮಗಳಿಗೆ ಸಿಗದ ಮಾತು ನಿಮಗೆ ಸಿಗುತ್ತದಲ್ಲ ಎಂದು ಒಮ್ಮೊಮ್ಮೆ ಹೊಟ್ಟೆಕಿಚ್ಚೂ ಆಗುತ್ತದೆ.

ನಿನ್ನೆ ನೀವು ದನಿ ಇಳಿಸಿ ಹೇಳಿದಿರಿ: "ಇನ್ನ ಮುಂದ ಮಾತು ತಗದು ದಿನಪೂರ್ತಿ ಬರೇ ಹಾಡ ಹಾಕಬೇಕೇನು ಅಂತ ನಮ್ಮ ಹಿರ್ಯಾರು ವಿಚಾರ ಮಾಡಾಕತ್ತಾರ್ರೀ. ಕೇಳೋರೆಲ್ಲ ಅಭಿಪ್ರಾಯ ಬರೀರಿ. ನಾಡಿದ್ದ ಮಧ್ಯಾಹ್ನ ತೀರ್ಮಾನ ಹೇಳತೀವಿ." ನಮ್ಮ ಊರಿನಲ್ಲಿ ಆ ರಾತ್ರಿ ಒಲೆ ಹೊತ್ತಲಿಲ್ಲ. ಎಲ್ಲರೂ ಬಾನ್ಬಲೆಯ ಬುಡದ ಕಟ್ಟೆಯ ಮೇಲೆ ಸೇರಿ ವಾದಕ್ಕೆ ಕೂತೆವು. ಹಾಡೇ ಬರಲಿ ಎಂದವನು ತಿಪ್ಪೇಶ. ಮೊದಲು ನಾನು ಅವನ ಮೇಲೆ ಹರಿಹಾಯ್ದೆ. ಅವನು ಹೇಳಿದ: "ಅತ್ತಿ, ಅವರದೂ ಹೊಟ್ಟಿ ನಡೀಬೇಕಲ್ಲ. ಹಾಡಿಗೆ ಸಿಗೋ ಜಾಹೀರಾತು ಮಾತಿಗೆ ಸಿಗೂದಿಲ್ಲ, ಜಾಹೀರಾತು ಬರಲಿಲ್ಲಂದ್ರ ಸ್ಟೇಷನ್ನ ಮುಚ್ಚತೈತಿ. ಆಮ್ಯಾಲೆ ಹಾಡೂ ಇಲ್ಲ, ಮಾತೂ ಇಲ್ಲ." ಹುಡುಗ ಹೇಳಿದ್ದು ಸುಳ್ಳಲ್ಲ.

ಆದರೂ ಅಭಿಪ್ರಾಯ ಕೇಳಿದ್ದೀರಿ, ಹೇಳುತ್ತೇನೆ. ಹಾಡುಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಿರಿಯರು ಹೊರಡುವಾಗ ಒಂದನ್ನೂ ಬಿಡದೆ ಅವರೆಕಾಳಿನಷ್ಟು ಡಬ್ಬಿಯಲ್ಲಿ ತುಂಬಿ ತಂದಿದ್ದರು. ಗುರುತಿಲ್ಲದವರಿಗೆ ಊಟ ಆಯಿತೇ ಎಂದು ಕೇಳುವುದನ್ನು ಮಾತ್ರ ಯಾರೂ ತುಂಬಿಕೊಳ್ಳಲಿಲ್ಲ, ಅದು ಎಲ್ಲಿ ಹೋದರೂ ಇದ್ದೇ ಇರುತ್ತದೆ ಎಂದುಕೊಂಡರು. ಇರಲಿಲ್ಲ ಅಕ್ಕಾ. ಗಾಳಿಯನ್ನೂ ಅಳೆದು ಉಸಿರಾಡುವ ಈ ಊರಿನಲ್ಲಿ ನಾವು ಅದನ್ನು ಮರೆತೇಬಿಟ್ಟಿದ್ದೆವು. ನೀವು ಕೇಳಿದ ಮೇಲೆ ನಾವೂ ಒಬ್ಬರನ್ನೊಬ್ಬರು ಕೇಳತೊಡಗಿದೆವು.

ಈ ಕಾಗದ ನಿಮಗೆ ಮುಟ್ಟುವುದಿಲ್ಲವಂತೆ. ಹೋದ ಕಾಲಕ್ಕೆ ಅಡ್ಡಹಾದಿ ಇಲ್ಲ ಎನ್ನುತ್ತಾನೆ ತಿಪ್ಪೇಶ. ಹೀಗೆಂದವನೇ ಇದನ್ನು ಬಲೆಯಿಂದ ನಿಮ್ಮ ದಿಕ್ಕಿಗೆ ಬಿಡಲು ಒಪ್ಪಿದ್ದಾನೆ. ಕೇಳಿದವರಿಗೆ ಉತ್ತರ ಕೊಡದೆ ಸುಮ್ಮನಿರುವುದಾದರೂ ಹೇಗೆ?

ಸ್ಟೇಷನ್ ಉಳಿಯಲು ಹಾಡೇ ಬೇಕೆಂದರೆ ಹಾಡನ್ನೇ ಹಾಕಿ, ನಾವು ಬೇಸರ ಮಾಡಿಕೊಳ್ಳುವುದಿಲ್ಲ. ನನ್ನದು ಒಂದೇ ಬೇಡಿಕೆ. ನಾಳೆಯೇ ಕೊನೆಯ ಸಲವಾದರೆ, ಊಟ ಆತೇನ್ರಿ ಎಂದು ಕೇಳಿದ ಕೂಡಲೇ ಗಡಬಡಿಸಿ ಹಾಡು ಹಚ್ಚಬೇಡಿ. ಒಂದಿಷ್ಟು ಹೊತ್ತು ಸುಮ್ಮನಿರಿ. ನಮ್ಮವ್ವನಿಗೆ ವಯಸ್ಸಾಗಿದೆ, ಉತ್ತರ ಕೊಡಲು ತುಸು ತಡವಾಗುತ್ತದೆ.

ಇತಿ,
ಹೊನ್ನವ್ವನ ಮಗಳು ಅಂಬವ್ವ