ಬಾವಲಿಯ ಎಂಜಲು

ಸಾದಲಿ
ಭಾನುವಾರ, 8 ಜೂನ್ 2025

ನನ್ನ ತನುಜಮ್ಮನಿಗೆ ಗಂಗಮ್ಮ ತಾಯಿ ಒಳ್ಳೆಯದು ಮಾಡಲಿ.

ಫೋನಿನಲ್ಲಾದರೆ ‘ಆಮೇಲೆ ಮಾತಾಡ್ತೀನಮ್ಮ’ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ಮೊದಲೇ ಹೇಳಿಬಿಡುತ್ತೇನೆ, ಗುಡಿ ಮುಂದಿನ ಆಲದ ಮರದ ಬಾವಲಿಗಳು ಉಳಿದವು.

ಟಿವಿಯಲ್ಲಿ ಬಾವಲಿಯಿಂದ ಬರುವ ನಿಪಾ ಜ್ವರದ ಸುದ್ದಿ ಬಂದಮೇಲೆ ಊರಿನವರಿಗೆ ಒಂದೇ ಭಯ. ಬೆಳಿಗ್ಗೆ ಪಂಚಾಯ್ತಿ ಮೆಂಬರ್ ಬಯ್ಯಪ್ಪ ಪಟಾಕಿ ಸರ, ಮೆಣಸಿನಕಾಯಿ ಹೊಗೆ ಎಲ್ಲ ಸಜ್ಜು ಮಾಡಿಕೊಂಡು ಮರದ ಕೆಳಗೆ ನಿಂತಿದ್ದ. ಪೂಜೆಗೆ ಹೋದವಳು ತಟ್ಟೆ ಕೆಳಗಿಟ್ಟು ಅಡ್ಡ ನಿಂತೆ. ಬೆದರಿಸಿದರೆ ಅವು ರೋಗ ಇನ್ನಷ್ಟು ಹರಡುತ್ತವೆ ಅಂತ ನೀನು ಹೇಳಿದ್ದು ನೆನಪಿತ್ತು, ನಿನ್ನ ಇಂಗ್ಲಿಷ್ ಮಾತು ಮಾತ್ರ ಬಾಯಿಗೆ ಬರಲಿಲ್ಲ. ತೋಚಿದ್ದು ಒಂದೇ ಮಾತು.

‘ಎಂಜಲು ಕಣಪ್ಪ. ರೋಗ ಇದ್ರೆ ಅದರ ಎಂಜಲಲ್ಲಿ, ಉಚ್ಚೇಲಿ ಇರ್ತದೆ. ಬಾವಲಿ ಕಚ್ಚಿದ ಹಣ್ಣನ್ನ ಗಂಗಮ್ಮಂಗೆ ಇಡ್ತೀಯಾ? ಇಡಲ್ಲ. ಮಕ್ಕಳ ಬಾಯಿಗೆ ಮಾತ್ರ ಯಾಕೆ? ನೀನು ಪಟಾಕಿ ಹೊಡೆದ್ರೆ ಊರೆಲ್ಲಾ ಎಂಜಲು ಚೆಲ್ಕೊಂಡು ಹಾರ್ತವೆ’ ಅಂದೆ.

ಪಕ್ಕದ ಮನೆಯ ಓಬಳಮ್ಮ ಸುಮ್ಮನಿರುವವಳೇ? ‘ಬಾವಲಿ ಕಚ್ಚಿದ್ದೇ ಸಿಹಿ ಅಂತ ಬಿದ್ದ ಮಾವು ಆರಿಸ್ಕೊಂಡು ತಿಂತಿದ್ದೋಳು ನೀನೇ ಅಲ್ವೇನಕ್ಕ? ಈ ಪುರಾಣ ನಿಂಗ್ಯಾರು ಹೇಳಿದ್ದು?’ ಅಂದಳು. ಎಲ್ಲರೂ ನಕ್ಕರು.

ಅಲ್ಲೇ ಸಿಕ್ಕಿಕೊಂಡೆ. ಕೆಂಚಾರ್ಲಹಳ್ಳಿಯಲ್ಲಿರುವ ತನ್ನ ತಮ್ಮನ ಮಗ ವೇಣುವಿಗೆ ಅವಳು ನಿನ್ನನ್ನು ಕೇಳಿದ್ದಳು. ನಿನಗೆ ಹೇಳಿರಲಿಲ್ಲ. ಬಾವಲಿ ಹಿಂದೆ ಓಡಾಡುವ ಹುಡುಗಿ ಅಂದರೆ ಸಂಬಂಧ ತಪ್ಪೀತು ಅಂತ, ನೀನು ಆಸ್ಪತ್ರೆ ಆಫೀಸಿನಲ್ಲಿದ್ದೀಯ ಅಂದಿದ್ದೆ. ಆದರೆ ಗಂಗಮ್ಮ ತಾಯಿಯ ಗುಡಿ ಬಾಗಿಲು ತೆರೆದಿತ್ತು, ಎದುರಿಗೇ ಕೂತಿದ್ದಳು. ಅವಳ ಮುಂದೆ ಸುಳ್ಳು ಹೇಗೆ ಹೇಳಲಿ? ‘ನನ್ನ ಮಗಳು ಹೇಳಿದ್ದು. ಮರದ ಕೆಳಗೆ ಶೀಟು ಹಾಸಿ ಬಾವಲಿ ಉಚ್ಚೆ ಹಿಡಿದು ಪರೀಕ್ಷೆಗೆ ಕಳಿಸೋದೇ ಅವಳ ಕೆಲಸ’ ಅಂದುಬಿಟ್ಟೆ. ಓಬಳಮ್ಮ ಸರಸರ ಮನೆಗೆ ಹೋದಳು.

ಬಯ್ಯಪ್ಪ ಪಟಾಕಿ ಚೀಲ ಎತ್ತಿಕೊಂಡ. ‘ಎಂಜಲು ಅಂದ್ರೆ ಅರ್ಥ ಆಗ್ತದೆ. ಆ ಟಿವಿಯೋರು ಮೊದ್ಲೇ ಹಂಗನ್ಬಾರ್ದಾ?’ ಅಂತ ಗೊಣಗಿದ. ಮಧ್ಯಾಹ್ನದೊಳಗೆ ಮಕ್ಕಳು ಮರದ ಕೆಳಗೆ ಹೋಗದಂತೆ ಮುಳ್ಳು ಹಾಕಿಸಿದ.

ಸಂಬಂಧ ಹೋದರೆ ಹೋಗಲಿ ತನುಜಮ್ಮ, ಮನಸ್ಸು ಹಗುರಾಗಿದೆ. ಕೈಗೆ ಗ್ಲೌಸು, ಮುಖಕ್ಕೆ ಮಾಸ್ಕು ಮರೆಯಬೇಡ.

ನಿನ್ನ ಅಮ್ಮ
ರಾಧಾಮಣಿ

ಮಡಿಸಿಟ್ಟ ಕಾಗದ ಮತ್ತೆ ಬಿಚ್ಚಿದ್ದೇನೆ. ಈಗಷ್ಟೇ ಓಬಳಮ್ಮ ಬಂದು ಹೋದಳು. ಕೆಂಚಾರ್ಲಹಳ್ಳಿಯ ಅವರ ಹುಣಸೆಮರದಲ್ಲೂ ಬಾವಲಿಗಳಿವೆಯಂತೆ, ನೀನು ಬಂದು ನೋಡಬೇಕಂತೆ. ಶೀಟಿನ ಇನ್ನೊಂದು ತುದಿ ವೇಣು ಹಿಡಿದುಕೊಳ್ಳುತ್ತಾನಂತೆ.