ಬಲ ರೆಕ್ಕೆಯಲ್ಲಿ ಒಂದು ಗೇಣು

ಅರಸೀಕೆರೆ
ಭಾನುವಾರ

ಲತಾಮಣಿ, ಚೆನ್ನಾಗಿದ್ದೀಯಾ ತಾನೇ?

ಫೋನಿನಲ್ಲಿ ಮಾತಾಡಿದರೆ ನಿಮ್ಮಮ್ಮನ ಕಿವಿಗೆ ಬೀಳುತ್ತದೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನನ್ನ ಎನ್‌ಸಿಸಿ ದಿನಗಳ ನಕ್ಷೆ ಇಟ್ಟುಕೊಂಡು ಕಟ್ಟುತ್ತಿದ್ದ ರಿಮೋಟ್ ವಿಮಾನ ಮುಗಿಯುತ್ತಾ ಬಂತು. ಬಾಲ್ಸಾ ಮರದ ಹಂದರ ಹಗುರವಾಗಿ, ನೆಟ್ಟಗೆ ಬಂದಿದೆ. ನಿನ್ನೆ ಅದಕ್ಕೆ ಕೆಂಪು ತೆಳುಕಾಗದ ಹೊದಿಸಿ, ಸುಕ್ಕಿಲ್ಲದಂತೆ ಎಳೆದು ಅಂಟಿಸಿದೆ. ಕೆಲಸ ಮುಗಿಯಿತೆಂದು ಕೈಯನ್ನೂ ತೊಳೆದುಕೊಂಡೆ.

ಕಾಫಿ ತಂದ ನಿಮ್ಮಮ್ಮ, "ಈ ಬಲಗಡೆ ರೆಕ್ಕೆ ತುದಿ ಯಾಕ್ರೀ ಹಂಗೇ ಬಿಟ್ಟಿದೀರಾ?" ಅಂದಳು. ಒಂದು ಗೇಣು ಜಾಗದಲ್ಲಿ ಕಾಗದವೇ ಇಲ್ಲ, ಬರೀ ಕಡ್ಡಿ. ನನಗೆ ಅದು ಕಂಡೇ ಇರಲಿಲ್ಲ.

"ಗಾಳಿ ಹೋಗಕ್ಕೆ ಕಣೇ" ಅಂದೆ. ನಂಬಿದಳು.

ಆಮೇಲೆ ನಾನೇ ಪರೀಕ್ಷೆ ಮಾಡಿ ನೋಡಿದೆ. ಎದುರಿಗಿರುವುದೆಲ್ಲ ಸರಿಯಾಗಿಯೇ ಕಾಣುತ್ತದೆ. ಬಲಗಡೆ ಇರುವುದು ಕತ್ತು ತಿರುಗಿಸಿದರೆ ಮಾತ್ರ. ಕಳೆದ ವಾರ ಸ್ಕೂಟರಿನಲ್ಲಿ ಜಾವಗಲ್ ಸಂತೆಗೆ ಹೋಗುವಾಗ ಬಲಗಡೆಯಿಂದ ಬಂದ ಬಸ್ಸೂ ಹಾರನ್ ಹೊಡೆದ ಮೇಲೇ ಕಂಡದ್ದು. ಹಿಂದೆ ನಿಮ್ಮಮ್ಮ ಕೂತಿದ್ದಳು. ಅವಳು ಡ್ರೈವರನ್ನು ಬೈದಳು, ನಾನೂ ಬೈದೆ.

ಹಾಸನದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ಮುಂದಿನ ಸಂತೆಯೊಳಗೆ ಬಾ. ಅಮ್ಮನಿಗೆ ವಿಮಾನ ನೋಡಲು ಬಂದೆ ಅನ್ನು. ಬರುವಾಗ ಒಂದು ಹಾಳೆ ಕೆಂಪು ತೆಳುಕಾಗದ ತಾ.

ಸ್ಕೂಟರ್ ಕೀ ಬಾಗಿಲ ಹಿಂದಿನ ಮೊಳೆಯಲ್ಲಿದೆ. ಬಂದ ಕೂಡಲೇ ಎತ್ತಿಟ್ಟುಕೋ. ನನ್ನನ್ನು ಕೇಳಬೇಡ; ಕೇಳಿದರೆ ಕೊಡುವುದಿಲ್ಲ.

ನಿನ್ನ ಅಪ್ಪ,
ಉಮಾಶಂಕರ್