ಅಕ್ಕನೂ ಸೇರಿ

ಮನೆ, ಹಿಂದಿನ ಕೋಣೆ
ಗುರುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಗಂಟಲು ಸರಿಹೋಯಿತಾ? ವೇದಿಕೆಯ ಮೇಲೆ ಮಾತಾಡುವಾಗ ನಡುನಡುವೆ ಕೆಮ್ಮುತ್ತಿದ್ದೆ. ಒಂದು ಲೋಟ ಬಿಸಿನೀರು ಕುಡಿಯುವುದಕ್ಕೂ ನಿಮ್ಮ ಕೂಟದಲ್ಲಿ ಯಾರಾದರೂ ಪ್ರಸ್ತಾವ ಮಂಡಿಸಬೇಕೇನು? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಕಡಿಮೆಯಾಗಿದೆ. ಎದುರುಮನೆಯ ದಂತವೈದ್ಯರು ಇವತ್ತು ಸಂಜೆ ನೀನಿರುವ ಊರಿಗೇ ಹೊರಟಿದ್ದಾರೆ. ಅಮ್ಮ ನಿನಗೆಂದು ಹೆಣೆದ ಸ್ವೆಟರಿನ ಮಡಿಕೆಯಲ್ಲಿ ಈ ಕಾಗದ ಇಡುತ್ತೇನೆ. ಮೇಲ್ ಮಾಡಬಹುದಿತ್ತು. ಆದರೆ ನಮ್ಮ ಮೇಲ್‌ಗಳೆಲ್ಲ ಕೂಟದ ಎಲ್ಲರಿಗೂ ಕಾಣಬೇಕು ಅಂತ ನೀನೇ ನಿಯಮ ಮಾಡಿದ್ದೀಯ. ಇದು ಎಲ್ಲರೂ ಓದುವಂಥದ್ದಲ್ಲ.

ಸುತ್ತಿ ಬಳಸಿ ಹೇಳುವುದಿಲ್ಲ, ನನಗೆ ಹೊಟ್ಟೆಕಿಚ್ಚು. ನಿನ್ನ ಭಾಷಣದ ವಿಡಿಯೋ ನೋಡಿದೆ. ಅಷ್ಟು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಲ್ಲ, ಆಗ ಮುಚ್ಚಿಬಿಟ್ಟೆ. ‘ಅಂಗಳ’ ಕಟ್ಟಿದವಳು ನಾನು ಕಣೇ. ಇದೇ ಕೋಣೆಯಲ್ಲಿ, ಕಾಲಿಗೆ ರಟ್ಟು ಕೊಟ್ಟು ನಿಲ್ಲಿಸಿದ ಇದೇ ಮೇಜಿನ ಮೇಲೆ. ಹೊಸಬರು ಪ್ರೋಗ್ರಾಂ ಬರೆದು, ಅಲ್ಲೇ ಓಡಿಸಿ, ಅಲ್ಲೇ ತಿದ್ದಿಕೊಳ್ಳಲು ಒಂದು ಜಾಗ ಇರಲಿ, ಯಾರು ಬೇಕಾದರೂ ಅದನ್ನು ಬಿಚ್ಚಿ ನೋಡಿ ಸುಧಾರಿಸಲಿ ಅಂತ ಎಲ್ಲರಿಗೂ ಬಿಟ್ಟುಕೊಟ್ಟವಳೂ ನಾನೇ. ಆಗ ನೀನು ಸ್ಕೂಲಿನಲ್ಲಿದ್ದೆ. ಕೂದಲು ಒಣಗಿಸಲು ನನ್ನ ಕಂಪ್ಯೂಟರಿನ ಪ್ಲಗ್ ಕಿತ್ತು ಹಾಕುತ್ತಿದ್ದೆ. ಅಂಥವಳು ಮೊನ್ನೆ ಮೊನ್ನೆ ಒಳಗೆ ಬಂದೆ, ಈಗ ಎಲ್ಲರ ಬಾಯಲ್ಲೂ ನಿನ್ನ ಹೆಸರೇ. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು. ನಿನ್ನನ್ನು ಹಾವು ಅಂದೆ ಅಂತ ಅಮ್ಮನಿಗೆ ಚಾಡಿ ಹೇಳಬೇಡ, ನನ್ನನ್ನು ಗೆದ್ದಲು ಅಂತಲೂ ಅಂದುಕೊಂಡಿದ್ದೇನೆ.

ಅಂಗಳದ ಪರದೆಯಲ್ಲಿದ್ದ ಐದು ಕಿಟಕಿಗಳನ್ನು ನೀನು ಒಂದು ಮಾಡಿದ್ದನ್ನು ಹೇಗೋ ನುಂಗಿಕೊಂಡೆ. ತಪ್ಪಾದಾಗ ಅಂಗಳ ಕೊಡುವ ಸಂದೇಶಗಳಲ್ಲಿ ಅರ್ಧದಷ್ಟನ್ನು ನೀನು ಹೊಸದಾಗಿ ಬರೆದದ್ದಕ್ಕೆ ಮೂಗು ಮುರಿದು ಸುಮ್ಮನಾದೆ. ಆದರೆ ಈ ಬದಲಾವಣೆಗಳನ್ನೆಲ್ಲ ಕೂಡಿಸಿ ಕಳಿಸಿದ ಪ್ರಸ್ತಾವದ ಕೊನೆಗೆ ಒಂದು ಸಾಲು ಸೇರಿಸಿದ್ದೀಯಲ್ಲ: ‘ಇನ್ನು ಮುಂದೆ ಯಾರೂ ತಮ್ಮ ಬದಲಾವಣೆಯನ್ನು ತಾವೇ ಒಪ್ಪಿಕೊಳ್ಳುವಂತಿಲ್ಲ, ಇನ್ನೊಬ್ಬರು ನೋಡಿ ಒಪ್ಪಬೇಕು, ಅಕ್ಕನೂ ಸೇರಿ.’ ಆ ಕೊನೆಯ ಎರಡು ಪದ ಬೇಕಿತ್ತಾ? ಇಲ್ಲಿಯವರೆಗೆ ಎಲ್ಲರ ಕೆಲಸಕ್ಕೂ ಒಪ್ಪಿಗೆ ಕೊಡುತ್ತಿದ್ದವಳು ನಾನೊಬ್ಬಳೇ. ನಿನ್ನ ಪ್ರಸ್ತಾವಕ್ಕೂ ನಾನೇ ಒಪ್ಪಿಗೆ ಒತ್ತಬೇಕು, ಶನಿವಾರ ಬಿಡುಗಡೆಯಾಗುವ ಹೊಸ ಅಂಗಳಕ್ಕೆ ಅದು ಸೇರಬೇಕಾದರೆ ನಾಳೆಯೊಳಗೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ‘ನೋಡೋಣ’ ಅಂತ ಬರೆದು ಕೂತಿದ್ದೆ. ತನ್ನನ್ನು ತಾನೇ ಗೂಬೆ ಅಂತ ಕರೆದುಕೊಳ್ಳುತ್ತಾನಲ್ಲ ನಿನ್ನ ಶಿಷ್ಯ, ಅವನು ಎಲ್ಲರ ಎದುರಿಗೇ ಬರೆದ: “ಅಕ್ಕಾ, ನಿಮ್ಮನೆ ಜಗಳ ನಿಮ್ಮನೇಲಿಟ್ಕೊಳ್ಳಿ, ನಮ್ ಕೆಲಸ ಬಿಡಿ.” ಗೂಬೆ ಕೈಲೂ ಬುದ್ಧಿ ಹೇಳಿಸಿಕೊಂಡೆ.

ಇನ್ನು ಅಮ್ಮನ ವಿಷಯ. ನಿನಗೆ ಇನ್ನೊಂದು ಸ್ವೆಟರ್ ಹೆಣೆಯುತ್ತಾಳಂತೆ, ಅದರ ಪಟ್ಟೆಗಳು ಹೇಗೆ ಕಾಣುತ್ತವೆ ಅಂತ ಹೆಣೆಯುವ ಮೊದಲು ಪರದೆಯ ಮೇಲೆ ನೋಡಬೇಕು ಅಂತ ಅವಳಿಗೆ ಹಟ ಬಂತು. ಅದಕ್ಕೊಂದು ಪುಟ್ಟ ಪ್ರೋಗ್ರಾಂ ಬರೆಯಲಿ ಅಂತ ನಾನೇ ಪಕ್ಕದಲ್ಲಿ ಕೂತು ನನ್ನ ಅಂಗಳ ತೆರೆದುಕೊಟ್ಟೆ. ಒಂದು ಆವರಣ ಚಿಹ್ನೆ ಮುಚ್ಚಲಿಲ್ಲ, ‘ತಪ್ಪು. ಸಾಲು ೧೪’ ಅಂತ ಕೆಂಪಗೆ ಬಂತು. ಮತ್ತೆ ಬರೆದಳು, ಮತ್ತೆ ಕೆಂಪಗೆ. “ಇದೇನೇ, ಬರೀ ಗದರುತ್ತೆ” ಅಂತ ಎದ್ದುಹೋದಳು. ಅದು ಶಿಸ್ತು ಅಂತ ನಾನು ಭಾಷಣ ಬಿಗಿದೆ. ನಿನ್ನೆ ಅಂಗಡಿಯಿಂದ ಬರುತ್ತೇನೆ, ಅಡುಗೆಮನೆಯಲ್ಲಿ ಅಮ್ಮ ಒಬ್ಬಳೇ ನಗುತ್ತಿದ್ದಾಳೆ. ನೀನು ಪರೀಕ್ಷೆಗೆಂದು ಕಳಿಸಿದ್ದ ಹೊಸ ಅಂಗಳ ತೆರೆದುಕೊಂಡಿದ್ದಾಳೆ. ‘ಹದಿನಾಲ್ಕನೇ ಸಾಲಿನಲ್ಲಿ ಒಂದು ಆವರಣ ತೆರೆದೇ ಉಳಿದಿದೆ ಅನ್ನಿಸುತ್ತೆ, ಕೊನೆಯಲ್ಲಿ ನೋಡಿ.’ ಅವಳು ನೋಡಿದಳು, ಮುಚ್ಚಿದಳು, ಪಟ್ಟೆಗಳು ಬಂದವು. “ಇದು ಪಕ್ಕದಲ್ಲಿ ಕೂರಿಸ್ಕೊಂಡು ಹೇಳ್ಕೊಡುತ್ತೆ ಕಣೇ” ಅಂದಳು, ಪಕ್ಕದಲ್ಲಿ ಕೂತು ಹೇಳಿಕೊಟ್ಟ ನನಗೆ! ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಅದೇನೂ ಆನಂದಬಾಷ್ಪ ಅಲ್ಲ, ತಿಳಿದುಕೋ. ಇಷ್ಟು ವರ್ಷದಲ್ಲಿ ನಾನು ಕಟ್ಟಿದ ಅಂಗಳದಲ್ಲಿ ನನ್ನಮ್ಮ ಒಂದು ದಿನವೂ ಕೂರಲಿಲ್ಲ, ನೀನು ಕರೆದ ತಕ್ಷಣ ಬಂದು ಕೂತಳು.

ಆಮೇಲೆ ನಿನ್ನ ಕೋಡ್ ಪೂರ್ತಿ ಓದಿದೆ. ಒಳ್ಳೆಯ ಮನಸ್ಸಿನಿಂದಲ್ಲ, ಹುಳುಕು ಸಿಗಲಿ ಅಂತ. ಕಸ ಗುಡಿಸಿಟ್ಟ ಮನೆಯ ಹಾಗಿತ್ತು. ಎಲ್ಲಿ ಏನಿದೆ ಅಂತ ಹೊಸಬರು ಯಾರನ್ನೂ ಕೇಳಬೇಕಾಗಿಲ್ಲ. ನನ್ನದರಲ್ಲಾದರೆ ನನ್ನನ್ನೇ ಕೇಳಬೇಕು. ಹಾಗಿರುವುದು ನನಗೆ ಇಷ್ಟವೂ ಆಗಿತ್ತು. ಒಂದೇ ಒಂದು ದೊಡ್ಡ ತಪ್ಪಾದರೂ ಮಾಡಬಾರದಿತ್ತೇನೇ, ನನ್ನ ಸಮಾಧಾನಕ್ಕೆ?

ಸ್ವೆಟರಿನ ತೋಳು ಸ್ವಲ್ಪ ಉದ್ದ ಆಗಿದೆಯಂತೆ, ಮಡಚಿಕೊಳ್ಳಬೇಕಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ ಆಶೀರ್ವಾದ ಇದೆ. ನನ್ನದೂ ಇದೆ, ಸ್ವಲ್ಪ ಹುಳಿ ಹಿಡಿದಿದೆ, ಹೊಂದಿಸಿಕೋ.

ನಿನ್ನ,
ಅಕ್ಕ

ಮರೆತ ಮಾತು: ದಂತವೈದ್ಯರು ಬಾಗಿಲಲ್ಲಿ ನಿಂತಿದ್ದಾರೆ, ಗೀಚುತ್ತಿದ್ದೇನೆ. ಮೇಲೆ ಸಹಿ ಹಾಕಿದವಳೇ ಎದ್ದುಹೋಗಿ ನಿನ್ನದಕ್ಕೆ ಒಪ್ಪಿಗೆ ಒತ್ತಿಬಂದೆ, ಪೂರ್ತಿಯಾಗಿ, ಆ ಸಾಲಿನ ಸಮೇತ. ನೀನು ಮುಟ್ಟದೆ ಬಿಟ್ಟಿದ್ದ ನನ್ನ ಹಳೆಯ ಸಂದೇಶಗಳಿದ್ದವಲ್ಲ, ಅವನ್ನು ಮೆತ್ತಗೆ ಮಾಡಿ ಬರೆಯಲು ನೋಡಿದ್ದೇನೆ. ನನಗೆ ಅದು ಸರಿಯಾಗಿ ಬರುವುದಿಲ್ಲ. ನಿನ್ನ ಹೊಸ ನಿಯಮದಂತೆ ಇನ್ನೊಬ್ಬರ ಒಪ್ಪಿಗೆಗೆ ಅದನ್ನು ಕಳಿಸಿದಾಗಿನಿಂದ ಪರದೆ ನೋಡುತ್ತಲೇ ಇದ್ದೇನೆ, ‘ಒಪ್ಪಿಗೆಗಾಗಿ ಕಾಯುತ್ತಿದೆ’ ಅಂತಲೇ ತೋರಿಸುತ್ತಿದೆ. ಕಾಯುವುದು ಇಷ್ಟು ಕಷ್ಟ ಅಂತ ಯಾರೂ ನನಗೆ ಹೇಳಿರಲಿಲ್ಲ. ಬೇರೆ ಯಾರೂ ನೋಡುವ ಮೊದಲು ನೀನು ನೋಡೇ.